ಆಮ್ಲದ ಪಾಠದ ಕೆಂಪು ಪೆಟ್ಟಿಗೆ

"ನಿಮ್ಮಕ್ಕ ಬರೆದ ಪಾಠಕ್ಕೆ ನಿಮ್ಮಕ್ಕನೇ ಜವಾಬ್ದಾರಿ. ಅದಕ್ಕೆ ನನ್ನನ್ನ ಕೂರಿಸ್ಕೊಂಡು ಹೀಗೆ ನೋಡ್ತಾ ಇದ್ರೆ ಏನು ಬಂತು, ಹೇಳಿ," ಎಂದರು ಸಂಪಾದಕಿ.

ನಿಧಾನಿ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ, ಅದು ಮುರಿದು ಲೋಟದೊಳಗೆ ಬೀಳುವ ಮುನ್ನ ಬಾಯಿಗೆ ಹಾಕಿಕೊಳ್ಳುವ ಕೆಲಸದಲ್ಲಿದ್ದ. ಪೊಲೀಸ್ ಇಲಾಖೆಯಲ್ಲಿದ್ದಾಗ ಓಡುವ ಕಳ್ಳನ ಹಿಂದೆ ನಡೆದುಕೊಂಡೇ ಹೋಗಿ ಹಿಡಿದವನೆಂದು ಅಂಟಿದ ಹೆಸರು ಅದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಆ ಹೆಸರು ಬಿಟ್ಟಿರಲಿಲ್ಲ, ನಡಿಗೆಯೂ ಬದಲಾಗಿರಲಿಲ್ಲ.

ಆದರೆ ಇವತ್ತು ನಿಧಾನಕ್ಕೆ ಸಮಯವಿರಲಿಲ್ಲ. ಶಾಲೆಗಳಿಗೆ ಆನ್‌ಲೈನ್ ಪಾಠ ಒದಗಿಸುವ ಈ ಸಂಸ್ಥೆಯ ಆಡಳಿತ ಮಂಡಳಿ ಸಂಜೆ ಸೇರುತ್ತದೆ. ತಪ್ಪು ಅಕ್ಕನದೇ ಎಂದು ಅವರು ಬರೆದುಕೊಟ್ಟರೆ, ಕೆಳಗೆ ಜೀಪಿನಲ್ಲಿ ಕಾಯುತ್ತಿರುವ ಪೊಲೀಸರು ಅವಳನ್ನು ಕರೆದುಕೊಂಡು ಹೋಗುತ್ತಾರೆ.

ಮೊನ್ನೆ ಒಂದು ಶಾಲೆಯ ಪ್ರಯೋಗಾಲಯದಲ್ಲಿ, ಅಕ್ಕ ಬರೆದ ಪಾಠವನ್ನು ಟ್ಯಾಬಿನಲ್ಲಿ ಓದಿಕೊಂಡು ಹುಡುಗಿಯೊಬ್ಬಳು ಆಮ್ಲಕ್ಕೆ ನೀರು ಸುರಿದಿದ್ದಳು. ಸುರಿಯಬೇಕಾದದ್ದು ನೀರಿಗೆ ಆಮ್ಲ. ಸಿಡಿದದ್ದು ಅವಳ ಕಣ್ಣಿಗೆ.

"ಮೇಡಂ, ಇನ್ನೊಂದ್ಸಲ ಹೇಳಿ. ನನ್ನ ತಲೆಗೆ ಬೇಗ ಹೋಗಲ್ಲ. ನಿಮ್ಮಲ್ಲಿ ಪಾಠ ಯಾರು ಬೇಕಾದ್ರೂ ಬಿಟ್ಟಿ ಓದಬಹುದು. ಅಲ್ವಾ?"

"ಬಿಟ್ಟಿ ಅನ್ನಬೇಡಿ. ಮುಕ್ತ. ಯಾರು ಬೇಕಾದ್ರೂ ಓದಬಹುದು, ತಮ್ಮ ಶಾಲೆಗೆ ನಕಲು ಮಾಡ್ಕೋಬಹುದು, ತಮಗೆ ಬೇಕಾದ ಹಾಗೆ ಕತ್ತರಿಸಿ ಸೇರಿಸಿ ಮಾಡ್ಕೋಬಹುದು."

"ಎಚ್ಚರಿಕೆನೂ ಕತ್ತರಿಸಬಹುದಾ?"

"ಅದಕ್ಕೇ ಅಲ್ವೇ ಕೆಂಪು ಪೆಟ್ಟಿಗೆ ಇರೋದು." ಸಂಪಾದಕಿಯ ಬೆನ್ನು ನೆಟ್ಟಗಾಯಿತು. ಅದು ಅವರದೇ ನಿಯಮ, ಅವರ ಹೆಮ್ಮೆ. "ಅಪಾಯದ ಮಾತು ಪಾಠದ ಸಾಲುಗಳಲ್ಲಿ ಬರಕೂಡದು, ಪೆಟ್ಟಿಗೆಯಲ್ಲೇ ಬರಬೇಕು. ಸಾಲನ್ನ ಯಾರು ಬೇಕಾದ್ರೂ ಅಳಿಸ್ತಾರೆ. ಪೆಟ್ಟಿಗೆಯನ್ನ ಹೊರಗಿನವರು ಮುಟ್ಟೋಕಾಗಲ್ಲ. ಬರೆದವರು, ನಾನು, ಮತ್ತೆ ಇಗೋ ಇವರು. ಮೂರೇ ಜನ."

'ಇವರು' ಎಂದರೆ ಮೇಜಿನ ತುದಿಯಲ್ಲಿ ಮಡಿಲ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದ ಸಣಕಲ ಎಂಜಿನಿಯರ್. ಲೇಖಕರು ಪಾಠ ಬರೆಯಲು ಬಳಸುವ ಸಾಫ್ಟ್‌ವೇರ್ ಇವನ ಕೈಯದು. ಇದ್ದದ್ದನ್ನು ಇದ್ದ ಹಾಗೆ ಬಿಡುವ ಜಾಯಮಾನದವನಲ್ಲವಾದ್ದರಿಂದ ಕಚೇರಿಯಲ್ಲಿ ಎಲ್ಲರೂ ಇವನನ್ನು 'ಸುಧಾರಣೆ' ಎಂದೇ ಕರೆಯುತ್ತಿದ್ದರು. ಕರೆದರೆ ಓಗೊಡುತ್ತಿದ್ದ ಕೂಡ. ಹೊಸ ಸಾಫ್ಟ್‌ವೇರ್ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

"ಪೆಟ್ಟಿಗೆ ಯಾವಾಗ ಹಾಕಿದ್ದು ಅಂತ ಗೊತ್ತಾಗುತ್ತಾ?" ಎಂದ ನಿಧಾನಿ.

ಸುಧಾರಣೆ ಕತ್ತು ಕೆರೆದುಕೊಂಡ. "ಅಕ್ಷರ ತಿದ್ದಿದ್ರೆ ಗೊತ್ತಾಗುತ್ತೆ ಸರ್. ಪೆಟ್ಟಿಗೆಯ ಲೆಕ್ಕ ಇನ್ನೂ ತಿದ್ದುಪಡಿಗಳ ಚರಿತ್ರೆಯಲ್ಲಿ ಬರ್ತಿಲ್ಲ. ಮುಂದಿನ ಸುಧಾರಣೆಗೆ ಇಟ್ಕೊಂಡಿದ್ದೀವಿ."

"ಮುಂದಿನದಕ್ಕೆ ಇನ್ನೊಂದು ಮಗು ಬೇಕಾ?"

ಸುಧಾರಣೆಯ ಮುಖ ಸುಣ್ಣವಾಯಿತು. ನಿಧಾನಿಗೆ ಆಮೇಲೆ ಪಾಪ ಅನ್ನಿಸಿತು, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಗಂಟು ಇದ್ದದ್ದೇ ಅಲ್ಲಿ. ಗೋಡೆಯ ದೊಡ್ಡ ಪರದೆಯ ಮೇಲೆ ಆಮ್ಲದ ಪಾಠ ಕಾಣುತ್ತಿತ್ತು, ನಡುವೆ ಢಾಳಾಗಿ ಕೆಂಪು ಪೆಟ್ಟಿಗೆ. ಪೆಟ್ಟಿಗೆ ಮೊದಲಿನಿಂದಲೂ ಇತ್ತು ಎನ್ನುತ್ತಾಳೆ ಅಕ್ಕ. ಶಾಲೆಯ ಮೇಷ್ಟ್ರೂ ಇತ್ತು ಅನ್ನುತ್ತಾರೆ. ಅದನ್ನು ನೋಡಿಯೇ, "ಪಾಠದಲ್ಲಿ ಎಲ್ಲಾ ಇದೆ, ಓದಿಕೊಂಡು ಮಾಡಿ," ಎಂದು ಹೇಳಿ ಪಕ್ಕದ ಮೇಜಿಗೆ ಹೋದರಂತೆ. ಮಕ್ಕಳು ಮಾತ್ರ ಒಂದೇ ಬಾಯಲ್ಲಿ ಇರಲಿಲ್ಲ ಅನ್ನುತ್ತವೆ. ಅವರ ಟ್ಯಾಬು ಪೊಲೀಸರ ಅರಗಿನ ಮುದ್ರೆಯೊಳಗಿತ್ತು. ಹಾಗಾಗಿ ಸಂಪಾದಕಿಯ ಲೆಕ್ಕ ಸರಳ: ಸುದ್ದಿ ತಿಳಿದ ತಕ್ಷಣ ಅಕ್ಕ ಮನೆಯಲ್ಲಿ ಕೂತು ಪೆಟ್ಟಿಗೆ ಸೇರಿಸಿದಳು, ಆ ಮೇಷ್ಟ್ರು ತನ್ನ ತಲೆ ಉಳಿಸಿಕೊಳ್ಳಲು ತಾಳ ಹಾಕಿದರು.

ನಿಧಾನಿಗೂ ಬೆಳಿಗ್ಗೆಯವರೆಗೆ ಹಾಗೇ ಅನ್ನಿಸಿತ್ತು. ಹೇಳಿಕೊಂಡಿರಲಿಲ್ಲ, ಅಷ್ಟೆ.

ಆಸ್ಪತ್ರೆಗೆ ಹೋಗಿಬಂದ ಮೇಲೆ ಲೆಕ್ಕ ತಪ್ಪಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹುಡುಗಿ ದಿಂಬಿಗೆ ಒರಗಿದ್ದಳು. ಬಸ್ ಡ್ರೈವರ್ ಅಪ್ಪ ಖಾಕಿ ಅಂಗಿಯಲ್ಲೇ ಬಂದು, ಅವಳ ಕಾಲ ಬಳಿ ಕೂತು, ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿದು ಸುಲಿದು ತಟ್ಟೆಯಲ್ಲಿ ಗುಡ್ಡೆ ಹಾಕುತ್ತಿದ್ದ. ಯಾರೂ ತಿನ್ನುತ್ತಿರಲಿಲ್ಲ.

"ಅವಸರದಲ್ಲಿ ನೋಡದೇ ಬಿಟ್ಟಿರಬಹುದಾ ಪುಟ್ಟಾ?" ಎಂದು ಕೇಳಿದ್ದ ನಿಧಾನಿ.

"ಕೆಂಪು ಪೆಟ್ಟಿಗೆನಾ ಅಂಕಲ್? ಅದನ್ನ ಯಾರಾದ್ರೂ ಬಿಡ್ತಾರಾ? ಕೆಂಪಲ್ಲಿ ಇರೋದೆಲ್ಲಾ ಪರೀಕ್ಷೆಗೆ ಬರುತ್ತೆ. ನಾವು ಮಿಕ್ಕಿದ್ದು ಬಿಡ್ತೀವಿ."

ಅಪ್ಪನ ಕೈ ಸಿಪ್ಪೆಯ ಮೇಲೆ ನಿಂತಿತು. "ಸಾರ್, ಪಟ್ಟಿ ಬಿಚ್ಚಿದಾಗ ಏನು ಕಾಣುತ್ತೋ ಏನಿಲ್ಲವೋ ದೇವರಿಗೇ ಗೊತ್ತು. ಆದ್ರೆ ನನ್ನ ಮಗಳು ಸುಳ್ಳಿ ಅನ್ನಿಸ್ಕೊಳ್ಳೋದು ಬೇಡ."

ಅಂಥ ಮಾತನ್ನು ಯಾರೂ ಹೇಳಿಕೊಟ್ಟು ಆಡಿಸಲಾರರು. ಹುಡುಗಿಯ ಮಾತು ನಿಜ. ಹಾಗಾದರೆ ಅಕ್ಕನದು?

ಅಕ್ಕ ಈಗ ಈ ಕೋಣೆಯ ಹೊರಗೆ, ಕಾರಿಡಾರಿನ ಬೆಂಚಿನ ಮೇಲಿದ್ದಳು. ಆಪಾದಿತರು ಒಳಗೆ ಬರಕೂಡದೆಂದು ಸಂಪಾದಕಿ ಕಟ್ಟಪ್ಪಣೆ ಮಾಡಿದ್ದರು. ಗಾಜಿನ ಬಾಗಿಲಿನಾಚೆ ಅವಳ ಭುಜ ಮಾತ್ರ ಕಾಣುತ್ತಿತ್ತು.

"ಮೇಡಂ, ಒಂದು ಉಪಕಾರ ಮಾಡ್ತೀರಾ? ಪಾಠ ಗಟ್ಟಿಯಾಗಿ ಓದಿ. ನನಗೆ ಯಾರಾದ್ರೂ ಓದಿ ಹೇಳಿದ್ರೇನೇ ತಲೆಗೆ ಹತ್ತೋದು."

"ನಾನೇನು ನಿಮ್ಮ ಟೀಚರ್ರಾ?"

"ನಮ್ಮ ಟೀಚರ್ ಇಷ್ಟು ಚೆನ್ನಾಗಿ ಬಯ್ತಿರಲಿಲ್ಲ. ಓದಿ."

ಸುಧಾರಣೆ ನಗು ತಡೆದುಕೊಳ್ಳಲು ಕೆಮ್ಮಿದ. ನಿಧಾನಿ ತನ್ನ ಹಳೇ ಫೋನನ್ನು ತೆಗೆದು, ಗಾಜು ಒಡೆದ ಮೂಲೆಯನ್ನು ಅಂಗಿಗೆ ಒರೆಸಿ, ಅದೇ ಪಾಠವನ್ನು ಹುಡುಕಿ ತೆರೆದ. ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟ, ಒಂದನೇ ತರಗತಿಯಲ್ಲಿ ಇಡುತ್ತಿದ್ದ ಹಾಗೆ.

ಸಂಪಾದಕಿ ಪರದೆ ನೋಡಿಕೊಂಡು ಓದತೊಡಗಿದರು. ಓದು ಚೆನ್ನಾಗಿತ್ತು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು.

"'...ಗಾಜಿನ ಪಾತ್ರೆಯನ್ನು ಸಮತಟ್ಟಾದ ಮೇಜಿನ ಮೇಲಿಡಿ. ಆಮ್ಲವನ್ನೂ ನೀರನ್ನೂ ಅಳೆದು ಬೇರೆ ಬೇರೆ ಇಟ್ಟುಕೊಳ್ಳಿ. ಎಚ್ಚರಿಕೆ: ಆಮ್ಲವನ್ನು ನಿಧಾನವಾಗಿ ನೀರಿಗೆ ಸುರಿಯಬೇಕು. ಯಾವ ಕಾರಣಕ್ಕೂ ನೀರನ್ನು ಆಮ್ಲಕ್ಕೆ—'"

"ನಿಲ್ಲಿ."

"ಏನು?"

"ಎಲ್ಲಿದೆ ಅದು?"

"ಕಣ್ಣೆದುರಿಗೇ ಇದೆಯಲ್ರೀ, ಗೋಡೆ ತುಂಬಾ."

"ಗೋಡೆ ಮೇಲಿದೆ. ನನ್ನ ಹತ್ರ ಇಲ್ಲ." ನಿಧಾನಿ ಬೆರಳನ್ನು ಎತ್ತದೆಯೇ ಫೋನನ್ನು ಮೇಜಿನ ಮೇಲೆ ಅವರತ್ತ ತಳ್ಳಿದ. "'ಬೇರೆ ಬೇರೆ ಇಟ್ಟುಕೊಳ್ಳಿ.' ಅದಾದ್ಮೇಲೆ ನನ್ನಲ್ಲಿ, 'ಈಗ ಎರಡನ್ನೂ ಬೆರೆಸಿ.'"

ಸಂಪಾದಕಿ ಫೋನು ನೋಡಿದರು. ಗೋಡೆ ನೋಡಿದರು. ಮತ್ತೆ ಫೋನು ನೋಡಿದರು.

"ಹಳೇ ಫೋನು, ಅದಕ್ಕೆ," ಎಂದರು. ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ಹಳೇ ಫೋನು ಕೆಂಪು ಪೆಟ್ಟಿಗೆ ಮಾತ್ರ ಆರಿಸಿ ನುಂಗುತ್ತಾ?"

ಸುಧಾರಣೆ ಆಗಲೇ ಎದ್ದು ಬಂದು ಫೋನಿನ ಮೇಲೆ ಬಾಗಿದ್ದ. ಅವನ ಉಸಿರು ಗಾಜಿನ ಮೇಲೆ ಮಬ್ಬು ಕಟ್ಟುತ್ತಿತ್ತು. ನಂತರ ತನ್ನ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಯ ಮೇಲೆ ಬಾಣದ ಗುರುತು ತಂದಿಟ್ಟ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಣ್ಣಿನ ಚಿತ್ರವೊಂದು ಮೂಡಿತು. ಅದರ ಮೇಲೆ ಅಡ್ಡಗೆರೆ.

"ಅಯ್ಯೋ," ಎಂದ, ತನಗೇ ಹೇಳಿಕೊಂಡಂತೆ.

"ನನಗೂ ಹೇಳಪ್ಪಾ."

"ಮೇಷ್ಟ್ರ ಕಣ್ಣು ಸರ್. ಹೊಸದಾಗಿ ಕೊಟ್ಟಿದ್ದು. ಇದನ್ನ ಒತ್ತಿದ್ರೆ ಆ ಭಾಗ ಲಾಗಿನ್ ಆದವರಿಗೆ ಮಾತ್ರ ಕಾಣುತ್ತೆ. ಮೇಷ್ಟ್ರಿಗೆ, ಲೇಖಕರಿಗೆ, ನಮಗೆ. ಮಕ್ಕಳಿಗೆ ಕಾಣಲ್ಲ. ಲೆಕ್ಕದ ಉತ್ತರಗಳನ್ನ ಮುಚ್ಚಿಡೋಕೆ ಅಂತ ಮಾಡಿದ್ದು."

"ಉತ್ತರ ಮುಚ್ಚೋ ಬಟ್ಟೆಯಲ್ಲಿ ಎಚ್ಚರಿಕೆ ಮುಚ್ಚಿದ್ದಾರೆ."

"ಹೌದು ಸರ್."

"ಈ ಕಚೇರಿಯಲ್ಲಿ ಮೊನ್ನೆಯಿಂದ ಇಷ್ಟು ಜನ ಈ ಪಾಠ ನೋಡಿದ್ದೀರಿ. ಒಬ್ಬರಾದ್ರೂ ಲಾಗಿನ್ ಆಗದೆ ನೋಡಿದ್ರಾ?"

ಇಬ್ಬರೂ ಕೆಲಸಕ್ಕೆ ಸೇರಿದ ದಿನ ಒಮ್ಮೆ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರು. ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಮಕ್ಕಳಿಗಾಗಿ ಕಟ್ಟಿದ ಮನೆಯನ್ನು ಮಕ್ಕಳ ಬಾಗಿಲಿನಿಂದ ಯಾರೂ ಇಣುಕಿ ನೋಡಿರಲಿಲ್ಲ.

ಅಕ್ಕನದು ನಿಜ. ಮೇಷ್ಟ್ರದು ನಿಜ. ಹುಡುಗಿಯದೂ ನಿಜ. ಒಂದಕ್ಕೊಂದು ಹೊಡೆದಾಡುತ್ತಿದ್ದ ಮಾತುಗಳು ಪಕ್ಕಪಕ್ಕದಲ್ಲಿ ಬಂದು ಕೂತವು. ನಿಧಾನಿಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಮರೆತು ಬಿಟ್ಟದ್ದಾದರೆ ಅಲಕ್ಷ್ಯ. ಇದು ಯಾರೋ ಕೂತು, ಗುರಿಯಿಟ್ಟು, ಒತ್ತಿದ್ದು. ಒತ್ತಿದವರಿಗೆ ಮಕ್ಕಳ ಕೈಯಲ್ಲಿ ಏನಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

"ಮೊದಲು ಈ ಪಾಠ ಮಕ್ಕಳಿಗೆ ಸಿಗದ ಹಾಗೆ ತೆಗೆದುಬಿಡಿ," ಎಂದ.

"ತೆಗೀತೀನಿ. ಆದ್ರೆ ನಕಲು ಮಾಡ್ಕೊಂಡ ಶಾಲೆಗಳಲ್ಲಿ..." ಸುಧಾರಣೆ ಪೂರ್ತಿ ಮಾಡಲಿಲ್ಲ. "ಅವರಿಗೆಲ್ಲಾ ಫೋನ್ ಮಾಡಿಸಬೇಕು."

"ನಾಳೆ ಯಾವ ಪ್ರಯೋಗ ಇದೆ?"

"ಸ್ಪಿರಿಟ್ ದೀಪ," ಎಂದರು ಸಂಪಾದಕಿ. "ಅದೂ ನಿಮ್ಮಕ್ಕನದೇ. ನಾಳೆ ಬೆಳಿಗ್ಗೆ ಬಹಳ ಶಾಲೆಗಳಲ್ಲಿದೆ."

ನಿಧಾನಿ ದೀಪದ ಪಾಠವನ್ನು ತನ್ನ ಫೋನಿನಲ್ಲಿ ತೆರೆದ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಇತ್ತು. ಕೆಂಪಗೆ, ಅಂಚು ಸಮೇತ: 'ದೀಪ ಉರಿಯುತ್ತಿರುವಾಗ ಅದಕ್ಕೆ ಸ್ಪಿರಿಟ್ ತುಂಬಿಸಬಾರದು.'

"ಇದು ನೆಟ್ಟಗಿದೆ," ಎಂದು ಸಂಪಾದಕಿ ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಇಷ್ಟು ಹೊತ್ತು ಗಡುಸಾಗಿದ್ದದ್ದು ಹೆದರಿಕೆಯಿಂದ ಎಂದು ನಿಧಾನಿಗೆ ಆಗ ತಿಳಿಯಿತು.

ಅವನು ಸುಧಾರಣೆಯತ್ತ ತಿರುಗಿದ. "ಈ ಕಣ್ಣು ಯಾರ ಐಡಿಯಾ? ನಿನ್ನದಾ?"

"ನಾನು ಕೇಳಿದ್ದನ್ನ ಮಾಡೋನು ಸರ್."

"ಕೇಳಿದ್ದು ಯಾರು?"

ಸುಧಾರಣೆ ಬಾಗಿಲಿನ ಕಡೆ ನೋಡಿದ. ಗಾಜಿನಾಚೆಯ ಭುಜದ ಕಡೆ.

"ಹೇಳಪ್ಪಾ, ನಾನು ಅವಳ ತಮ್ಮ ಅಂತ ಸಂಕೋಚ ಪಟ್ಕೋಬೇಡ."

"ನಿಮ್ಮಕ್ಕನವರೇ ಸರ್. ಹೊಸ ಸಾಫ್ಟ್‌ವೇರಿಗೆ ಅವರು ಕೇಳಿದ್ದರಲ್ಲಿ ನಾವು ಒಪ್ಪಿದ್ದು ಅದೊಂದೇ. ನಾವು ಅವರಿಗೆ ಇನ್ನೊಂದು ವಿಷಯದಲ್ಲಿ ಇಲ್ಲ ಅಂದಿದ್ವಿ. ಅದಕ್ಕೆ ಇದನ್ನಾದ್ರೂ ಮಾಡಿಕೊಡೋಣ ಅಂತ..."

"ಇನ್ನೊಂದು ಏನು?"

"ಹಳೇದ್ರಲ್ಲಿ ಒಂದು ಪಾಠಕ್ಕೆ ಇಬ್ಬರು ಲೇಖಕರ ಹೆಸರು ಹಾಕಬಹುದಿತ್ತು. ಹೊಸದ್ರಲ್ಲಿ ಒಂದೇ ಹೆಸರಿಗೆ ಜಾಗ. ಸರಳ ಆಗಲಿ ಅಂತ. ಎರಡನೇ ಹೆಸರುಗಳೆಲ್ಲಾ ಬಿದ್ದುಹೋದವು. ಅದನ್ನೂ ಸುಧಾರಿಸಬೇಕು."

ನಿಧಾನಿ ಅದನ್ನು ಕೇಳಿಸಿಕೊಂಡ, ಆದರೆ ಆಗ ಅವನ ತಲೆಯಲ್ಲಿ ಮೊದಲ ಮಾತೇ ಗುಂಯ್‌ಗುಡುತ್ತಿತ್ತು. ಕಣ್ಣು ಕೇಳಿದ್ದು ಅಕ್ಕ. ಮೂರು ದಿನದಿಂದ ಅವನೆದುರು ಕೂತು ಎಲ್ಲಾ ಹೇಳಿದವಳು ಇದೊಂದನ್ನು ಹೇಳಿರಲಿಲ್ಲ. ಎದ್ದು ಹೋಗಿ ಬಾಗಿಲು ತೆರೆದ.

"ಅಕ್ಕಾ, ಒಳಗೆ ಬಾ."

"ನನ್ನನ್ನ ಒಳಗೆ ಸೇರಿಸಲ್ಲ ಅಂದ್ರಲ್ಲೋ."

"ಸೇರಿಸ್ತಾರೆ. ಬಾ."

ಅವಳು ಬಂದಳು. ದುಂಡಗಿನ, ಗಿಡ್ಡನೆಯ, ನಾಲ್ಕು ಜನರ ಮನೆಗೆ ಎಂಟು ಜನರ ಅಡುಗೆ ಮಾಡುವ ಹೆಂಗಸು. ಮೂರೇ ದಿನಕ್ಕೆ ಕೆನ್ನೆ ಇಳಿದುಹೋಗಿತ್ತು. ಸಂಪಾದಕಿಗೆ ನಮಸ್ಕಾರವೆಂಬಂತೆ ತಲೆ ಆಡಿಸಿದಳು. ಸಂಪಾದಕಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

ನಿಧಾನಿ ಫೋನು ತೋರಿಸಿ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಂದ್ರೆ ಆ ಮಗು ಸುಳ್ಳು ಹೇಳಿರಲಿಲ್ಲ," ಎಂದಳು. ಮೊದಲ ಮಾತು ಅದು. ತನ್ನ ಮೇಲಿನ ಭಾರ ಇಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲವೇನೋ.

"ಕಣ್ಣು ಕೇಳಿದ್ದು ನೀನಂತೆ."

"ಹೌದು ಕಣೋ. ಮಕ್ಕಳು ಉತ್ತರ ನೋಡಿ ಬರೀತಾರೆ ಅಂತ."

"ಆಮ್ಲದ ಪೆಟ್ಟಿಗೆ ಮೇಲೆ ಒತ್ತಿದ್ದು?"

"ನನ್ನ ಕೈ ಬಿದ್ದುಹೋಗಲಿ, ನಾನಲ್ಲ."

ಅವನು ಅವಳ ಮುಖ ನೋಡಿದ. ನಿಜ ಹೇಳುತ್ತಿದ್ದಳು. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಬೆಳೆದವರು. ಅವಳು ಸುಳ್ಳು ಹೇಳಿದರೆ ಅವನಿಗೆ ತಿಳಿಯುತ್ತಿತ್ತು. ಚಿಕ್ಕಂದಿನಿಂದಲೂ ಸುಳ್ಳಿನ ಜೊತೆಗೆ ಅವಳ ಕೈ ಕನ್ನಡಕಕ್ಕೆ ಹೋಗುತ್ತದೆ. ತೆಗೆದು ಒರೆಸುತ್ತಾಳೆ.

"ಮೇಡಂ, ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?" ಎಂದು ಕೇಳಿದ ಸುಧಾರಣೆ, ಮೆಲ್ಲಗೆ.

"ಇಲ್ಲಪ್ಪಾ, ಯಾರಿಗೆ ಕೊಡಲಿ," ಎಂದಳು ಅಕ್ಕ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು.

ನಿಧಾನಿ ಒರೆಸುವ ಆ ಕೈಯನ್ನೇ ನೋಡಿದ.

ಅವನು ಮೇಜಿನ ಮೇಲಿನ ಕಾಫಿ ತಟ್ಟೆಯನ್ನು ಖಾಲಿ ಮಾಡಿ ನಡುವೆ ಎಳೆದ. "ಎಲ್ಲರ ಫೋನೂ ಇದರಲ್ಲಿ ಹಾಕಿ. ಕಂಪ್ಯೂಟರ್ ಮುಚ್ಚಿ. ಕೈ ಮೇಜಿನ ಮೇಲೆ. ಯಾರ ಮೇಲೂ ಅನುಮಾನ ಅಂತಲ್ಲ, ನನಗೆ ನಿಮ್ಮ ಬೆರಳು ಕಾಣ್ತಾ ಇದ್ರೆ ಯೋಚನೆ ಸಲೀಸು."

"ಇದೇನು ಮಕ್ಕಳಾಟ?" ಎಂದರು ಸಂಪಾದಕಿ. ಆದರೆ ಫೋನು ಹಾಕಿದರು. ಸುಧಾರಣೆ ತನ್ನ ಎರಡನ್ನೂ ಹಾಕಿದ. ಅಕ್ಕ ಚೀಲದಿಂದ ತನ್ನದನ್ನು ತೆಗೆದು ಇಟ್ಟಳು. ಆರು ಕೈಗಳು ಮೇಜಿನ ಮೇಲೆ, ಗೋರಂಟಿ ಒಣಗಿಸಲು ಕೂತವರ ಹಾಗೆ.

ಪೆಟ್ಟಿಗೆಯನ್ನು ಮುಟ್ಟಬಲ್ಲ ಮೂವರೂ ಕಣ್ಣೆದುರಿಗಿದ್ದರು. ಇನ್ನು ಸಾಕ್ಷಿಗೆ ದೀಪದ ಪಾಠದ ಫೋಟೋ ಒಂದನ್ನು ಇಟ್ಟುಕೊಳ್ಳೋಣವೆಂದು ನಿಧಾನಿ ತನ್ನ ಫೋನನ್ನು ಎತ್ತಿಕೊಂಡ. ಪುಟವನ್ನು ಕೆಳಗೆಳೆದು ಬಿಟ್ಟ. ಸಣ್ಣ ಚಕ್ರ ತಿರುಗಿತು, ಪುಟ ಮತ್ತೆ ಮೂಡಿತು.

ಬೆರಳಿಟ್ಟು ಇಳಿದ. 'ದೀಪದ ಬತ್ತಿಯನ್ನು ಹೊತ್ತಿಸಿ.' ಅದರ ಕೆಳಗೆ, 'ಸ್ಪಿರಿಟ್ ಕಡಿಮೆಯಾದರೆ ಮತ್ತೆ ತುಂಬಿಸಿ.'

ನಡುವೆ ಏನೂ ಇರಲಿಲ್ಲ.

ಮತ್ತೊಮ್ಮೆ ಎಳೆದ. ಇರಲಿಲ್ಲ.

"ಏನಾಯ್ತು ಸರ್?" ಎಂದ ಸುಧಾರಣೆ.

ನಿಧಾನಿ ಫೋನನ್ನು ಮೂವರಿಗೂ ಕಾಣುವಂತೆ ಹಿಡಿದ. ಸಂಪಾದಕಿ ಅರ್ಧಕ್ಕೆ ಎದ್ದರು. "ಈಗ ತಾನೇ ಇತ್ತಲ್ರೀ. ನಾನೇ ನೋಡಿದೆ."

"ಈಗ ತಾನೇ ಮುಚ್ಚಿದ್ದಾರೆ."

"ನಾವು ಮೂರೂ ಜನ ಇಲ್ಲೇ ಇದ್ದೀವಿ ಸರ್. ನಾಲ್ಕನೆಯವರಿಗೆ ಸಾಧ್ಯನೇ ಇಲ್ಲ. ನಮ್ಮ ಮೂರು ಲಾಗಿನ್‌ಗಳಲ್ಲಿ ಒಂದು ಬೇಕೇ ಬೇಕು."

ಸಂಪಾದಕಿಯೂ ಸುಧಾರಣೆಯೂ ಫೋನನ್ನೇ ನೋಡುತ್ತಿದ್ದರು. ಅಕ್ಕ ನೋಡುತ್ತಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿನ ತನ್ನ ಕೈಗಳ ಮೇಲಿತ್ತು.

ಆಗ ನಿಧಾನಿಗೆ ಬೆಳಿಗ್ಗೆ ನೆನಪಾಯಿತು. ಅಕ್ಕನ ಮನೆಯ ಬಾಗಿಲು ತೆರೆದವರು ಭಾವ. ಅಕ್ಕನ ಜೊತೆಯಲ್ಲೇ ಇಡೀ ಆಯುಷ್ಯ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. "ಬಾಪ್ಪಾ ಭಾಮೈದ. ಲೇಖಕಿಯವರು ಸ್ನಾನಕ್ಕೆ ಹೋಗಿದ್ದಾರೆ. ನಾವು ಬರೀ ಓದುಗರು, ಕಾಫಿ ಮಾಡಿಕೊಡ್ತೀವಿ," ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಊಟದ ಮೇಜಿನ ಮೇಲೆ ಅಕ್ಕನ ಕಂಪ್ಯೂಟರ್ ತೆರೆದೇ ಇತ್ತು. ಪಕ್ಕದಲ್ಲಿ ಭಾವನ ಕನ್ನಡಕ.

ಒಂದೇ ಹೆಸರಿಗೆ ಜಾಗ. ಎರಡನೇ ಹೆಸರುಗಳೆಲ್ಲಾ ಬಿದ್ದುಹೋದವು.

"ಅಕ್ಕಾ," ಎಂದ. "ಆಮ್ಲದ ಪಾಠ ನೀನೊಬ್ಬಳೇ ಬರೆದದ್ದಾ?"

ಅವಳ ಕೈ ಕನ್ನಡಕದ ಕಡೆಗೆ ಅರ್ಧ ಎದ್ದು, ಅಲ್ಲೇ ನಿಂತಿತು.

"ಅಕ್ಕಾ, ನಾಳೆ ಬೆಳಿಗ್ಗೆ ಮಕ್ಕಳು ದೀಪ ಹಚ್ಚುತ್ತವೆ."

"ಅವರು ಹಾಗೆಲ್ಲಾ ಮಾಡೋರಲ್ಲ ಕಣೋ," ಎಂದಳು. ಯಾರು ಎಂದು ಯಾರೂ ಕೇಳಿರಲಿಲ್ಲ.

ತಟ್ಟೆಯೊಳಗೆ ಒಂದು ಫೋನು ಗುರ್ರೆಂದು ಅದುರಿತು. ಉಳಿದವುಗಳನ್ನು ಒತ್ತರಿಸಿಕೊಂಡು ಅಂಚಿನವರೆಗೆ ತೆವಳಿಬಂತು. ಅಕ್ಕನದು. ಬೆಳಗಿದ ಗಾಜಿನ ಮೇಲೆ ಎರಡೇ ಅಕ್ಷರ: ಮನೆ.

ಯಾರೂ ಕೈ ಚಾಚಲಿಲ್ಲ. ಫೋನು ಅದುರಿ ಅದುರಿ ತಾನಾಗಿ ಸುಮ್ಮನಾಯಿತು.